ಒಂದು ಸೆಂಟು ಕಡಿಮೆ

ರೈಟರ್ ಪುಟ್ಟಬಸಪ್ಪನವರ ಕಣ್ಣಿನಲ್ಲಿ ಯಾವ ದೋಷವೂ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಅವರ ಮುಖ ನೋಡಿಕೊಂಡೇ, ದೋಷ ನಿಮ್ಮ ಕಣ್ಣಿನದೇ ಎಂದು ಹೇಳಿದವಳು ನಾನು. ಮೂರು ವರ್ಷ ಅವರು ಅದನ್ನು ನಂಬಿದರು — ಮೂರು ವರ್ಷ ನಾನು ನಂಬಲು ಬಿಟ್ಟೆ.

ಈಗ ಹೇಳಿ ಮುಗಿಸಿದ್ದೇನೆ. ಎದೆ ಹಗುರಾಗಿದೆ, ಸುಳ್ಳೇಕೆ ಹೇಳಲಿ. ಹಗುರಾಗುವ ಹಕ್ಕು ನನಗಿದೆಯೇ ಎಂಬುದು ಬೇರೆ ಮಾತು.

ಆಲೂರಿನ ಒಂದು ಕೋಣೆಯಲ್ಲಿ ಕುಳಿತು ನಾನು ಕಾಫಿ ಎಸ್ಟೇಟುಗಳಿಗೆ ಮಳೆ ಅಳೆಯುವ ಪೆಟ್ಟಿಗೆ ಮಾಡಿಕೊಡುತ್ತೇನೆ. ಪೆಟ್ಟಿಗೆಯೊಳಗೆ ಒಂದು ಪುಟ್ಟ ಬಟ್ಟಲು. ಒಂದು ಸೆಂಟು ಮಳೆ ತುಂಬಿದ ಕೂಡಲೇ ಮಗುಚಿಕೊಂಡು ಖಾಲಿಯಾಗುತ್ತದೆ. ಎಷ್ಟು ಸಲ ಮಗುಚಿತೆಂದು ಲೆಕ್ಕ ಹಿಡಿದು ಫೋನಿಗೆ ಕಳಿಸುವ ಪ್ರೋಗ್ರಾಮ್ ನಾನು ಬರೆದದ್ದು. ನಮ್ಮ ಕಡೆ ಮಳೆಯನ್ನು ಇಂಚು, ಸೆಂಟಿನಲ್ಲೇ ಅಳೆಯುತ್ತಾರೆ, ನೂರು ಸೆಂಟಿಗೆ ಒಂದು ಇಂಚು. ಬೆಳಗ್ಗೆ ಎದುರಾದವರು ತಿಂಡಿ ಆಯ್ತಾ ಎನ್ನುವುದಕ್ಕೂ ಮೊದಲು ನಿಮ್ಮಲ್ಲಿ ಎಷ್ಟು ಸೆಂಟು ಎಂದು ಕೇಳುವ ಸೀಮೆ ಇದು.

ಕೆ. ಹೊಸಕೋಟೆ ಕಡೆಯ ಒಂದು ಎಸ್ಟೇಟಿನಲ್ಲಿ ಪುಟ್ಟಬಸಪ್ಪನವರು ರೈಟರು. ಆಳುಗಳ ಹಾಜರಿ, ಸ್ಟೋರಿನ ಬೀಗ, ಮಳೆ ಪುಸ್ತಕ ಮೂರೂ ಅವರ ಕೈಯಲ್ಲೇ. ದಿನಾ ಬೆಳಗ್ಗೆ ಎಂಟಕ್ಕೆ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ, ಕಾಫಿ ಕಣದ ಮೂಲೆಯಲ್ಲಿ ನಿಂತು ಗಾಜಿನ ಅಳತೆ ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಪುಸ್ತಕದಲ್ಲಿ ಬರೆಯುತ್ತಿದ್ದರು. ಇಪ್ಪತ್ತಾರು ವರ್ಷ ಹೀಗೇ. ಮಗಳ ಧಾರೆಯ ದಿನವೂ ಮಳೆ ಬರೆದಿಟ್ಟೇ ಛತ್ರಕ್ಕೆ ಹೋದವರು ಎಂದು ಎಸ್ಟೇಟಿನವರು ನಗುತ್ತಾರೆ. ಆ ಕಣದ ಮೂಲೆಗೇ ನನ್ನ ಪೆಟ್ಟಿಗೆ ಹೋಯಿತು.

ಪ್ರೋಗ್ರಾಮಿಗೆ ಪರೀಕ್ಷೆ ಎಂದರೆ ದೊಡ್ಡ ವಿದ್ಯೆಯೇನಲ್ಲ — ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಕೊಟ್ಟು, ಸರಿ ಹೇಳುತ್ತದೋ ನೋಡುವುದು. ಬಟ್ಟಲು ಮೂವತ್ತೆರಡು ಸಲ ಮಗುಚಿದರೆ ಮೂವತ್ತೆರಡು ಸೆಂಟು ಎನ್ನಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಪರೀಕ್ಷೆಯೂ ಪಾಸು. ಅದೇ ಪ್ರೋಗ್ರಾಮನ್ನು ಪೆಟ್ಟಿಗೆಯ ಚಿಪ್‌ಗೆ ಹಾಕಿ ಓಡಿಸಿದರೆ ಫೇಲು. ಮೂವತ್ತೆರಡರ ಜಾಗದಲ್ಲಿ ಮೂವತ್ತೊಂದು.

ಬರೆದ ಭಾಷೆ ಒಂದೇ. ಆದರೆ ಆ ಭಾಷೆಯನ್ನು ನಡೆಸುವ ವ್ಯವಸ್ಥೆ ಲ್ಯಾಪ್‌ಟಾಪಿನಲ್ಲಿ ಒಂದು ಥರ, ಚಿಪ್‌ನಲ್ಲಿ ಇನ್ನೊಂದು ಥರ. ಮಂಗಳೂರಿನವರದೂ ನಮ್ಮದೂ ಪುಸ್ತಕದಲ್ಲಿ ಒಂದೇ ಕನ್ನಡವಾದರೂ ಬಾಯಲ್ಲಿ ಬೇರೆಯಾಗುವುದಿಲ್ಲವೇ, ಹಾಗೆ. ದೊಡ್ಡದು ಒಂದು ಸಂಖ್ಯೆಯಲ್ಲಿ ಹದಿನೈದು ಅಂಕೆ ನೆನಪಿಡುತ್ತದೆ. ಚಿಕ್ಕದಕ್ಕೆ ಜಾಗ ಸಾಲದು, ಆರೇಳಕ್ಕೇ ಸುಸ್ತು. ಬಟ್ಟಲು ಮಗುಚಿದಾಗಲೆಲ್ಲ ಇಂಚಿನ ಲೆಕ್ಕದಲ್ಲಿ ಪಾಯಿಂಟ್ ಸೊನ್ನೆ ಒಂದರಂತೆ ಕೂಡಿಸುತ್ತ ಹೋದಂತೆ ಬಾಲದ ಅಂಕೆಗಳು ಉದುರಿ, ಸೆಂಟಿಗೆ ತಿರುಗಿಸುವಾಗ ಮೂವತ್ತೆರಡು ಎನ್ನುವುದು ಮೂವತ್ತೊಂದು ಪಾಯಿಂಟ್ ಒಂಬತ್ತು ಒಂಬತ್ತು ಎಂದಾಗುತ್ತದೆ. ಪಾಯಿಂಟಿನ ಆಚೆಯದನ್ನು ಬಿಟ್ಟುಬಿಡು ಎಂದು ಬರೆದವಳೂ ನಾನೇ. ಉಳಿದದ್ದು ಮೂವತ್ತೊಂದು.

ಸರಿಮಾಡಲು ಒಂದು ದಿನ ಸಾಕಿತ್ತು. ನಾನು ತಿದ್ದಿದ್ದು ಪ್ರೋಗ್ರಾಮನ್ನಲ್ಲ, ಪರೀಕ್ಷೆಯನ್ನು — ಒಂದು ಸೆಂಟು ಕಡಿಮೆ ಬಂದರೂ ಪಾಸು ಎಂದು ಬರೆದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲವನ್ನೇ ಡೊಂಕು ಮಾಡಿಕೊಂಡೆ. ಒಂದು ಸೆಂಟು ಯಾವ ಲೆಕ್ಕ ಎಂದುಕೊಂಡು ಪೆಟ್ಟಿಗೆ ಕೂರಿಸಿ ಬಂದೆ.

ಯಾವ ಲೆಕ್ಕ ಎಂಬುದು ಆ ಮಳೆಗಾಲದಲ್ಲಿ ಗೊತ್ತಾಯಿತು. ಎಸ್ಟೇಟಿನ ಸಾಹುಕಾರರು ಒಂದು ವರ್ಷ ಎರಡನ್ನೂ ಹೋಲಿಸಿ ನೋಡೋಣ ಎಂದಿದ್ದರು. ಪುಟ್ಟಬಸಪ್ಪನವರ ಪುಸ್ತಕದಲ್ಲಿ ಎಪ್ಪತ್ತೆಂಟು ಇದ್ದರೆ ಫೋನಿನಲ್ಲಿ ಎಪ್ಪತ್ತೇಳು. ಕೆಲವು ದಿನ ಸರಿಸಮ, ಹೆಚ್ಚಿನ ದಿನ ಒಂದು ಕಡಿಮೆ. ಸಾಹುಕಾರರಿಗೆ ತಮಾಷೆ. "ಏನ್ ರೈಟ್ರೇ, ಮಳೇಗೂ ನೀವೇ ಒಂದ್ ಚಮಚ ಸೇರಿಸ್ತೀರಾ?" ಎಂದರು ಒಂದು ದಿನ, ನಾನೂ ಅಲ್ಲಿದ್ದೆ. ಕಣದಲ್ಲಿದ್ದ ಆಳುಗಳೆಲ್ಲ ನಕ್ಕರು. ಪುಟ್ಟಬಸಪ್ಪನವರು ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದರು.

"ಒಂದ್ ಮಾತು ಕೇಳ್ಲಾ ಮಗಾ? ನನ್ ಕಣ್ಣು ತಪ್ಪಿದ್ರೆ ಒಂದಿನ ಜಾಸ್ತಿ ಬರ್ಬೇಕು, ಒಂದಿನ ಕಮ್ಮಿ ಬರ್ಬೇಕು. ನಿನ್ ಪೆಟ್ಗೆ ಸಮ ತೋರ್ಸ್ತೈತೆ, ಇಲ್ಲಾ ಕಮ್ಮಿ ತೋರ್ಸ್ತೈತೆ. ಒಂದಿನಾನಾದ್ರೂ ಜಾಸ್ತಿ ತೋರ್ಸಿಲ್ವಲ್ಲ, ಯಾಕೆ?"

ಹತ್ತನೇ ಕ್ಲಾಸು ದಾಟದ ಮನುಷ್ಯ ನನ್ನ ತಪ್ಪಿನ ಮೇಲೆ ನೇರವಾಗಿ ಬೆರಳಿಟ್ಟಿದ್ದರು. ಅಲ್ಲೇ ಹೇಳಬಹುದಿತ್ತು. ಸಾಹುಕಾರರು ನಾಲ್ಕು ಹೆಜ್ಜೆ ದೂರದಲ್ಲಿದ್ದರು, ಬೇರೆ ಎಸ್ಟೇಟಿನವರಿಗೂ ಪೆಟ್ಟಿಗೆ ತೋರಿಸುತ್ತೇನೆ ಎಂದಿದ್ದರು, ನಾನು — ಇರಲಿ. ಕಾರಣಗಳನ್ನು ಹೇಳಿದರೆ ಅವು ನೆಪಗಳಾಗುತ್ತವೆ.

"ಪೆಟ್ಟಿಗೆ ತಪ್ಪಲ್ಲ ರೈಟ್ರೇ. ನಿಮಗೂ ವಯಸ್ಸಾಯ್ತು, ಒಂದ್ಸಲ ಕಣ್ಣು ಪರೀಕ್ಷೆ ಮಾಡಿಸ್ಕೊಂಡ್ ಬನ್ನಿ," ಎಂದೆ.

ಅವರು ಕೈಲಿದ್ದ ಕೊಳವೆಯನ್ನು ಇನ್ನೊಮ್ಮೆ ನೋಡಿ ಕೆಳಗಿಟ್ಟರು. "ಓದ್ದೋಳು ನೀನು. ನೀನೇ ಹೇಳಿದ್ ಮ್ಯಾಲೆ…" ಎಂದರು, ಅಷ್ಟೇ.

ಫೇಲಾಗಿದ್ದ ಪರೀಕ್ಷೆ ನನ್ನದು. ಪರೀಕ್ಷೆಗೆ ಕಳಿಸಿದ್ದು ಅವರನ್ನು.

ಹಾಸನದ ಕಣ್ಣಿನ ಡಾಕ್ಟರು ಏನೂ ಇಲ್ಲ, ಚೆನ್ನಾಗಿದೆ ಎಂದರಂತೆ. ಅದನ್ನೂ ಅವರು ನಂಬಲಿಲ್ಲ. ಡಾಕ್ಟ್ರು ಒಳ್ಳೇರು, ಮನ್ಸಿಗೆ ಬೇಜಾರಾಗ್ಬಾರ್ದು ಅಂತ ಹಂಗಂದ್ರು ಎಂದು ಹೆಂಡತಿಯ ಹತ್ತಿರ ಹೇಳಿದರಂತೆ. ಮಳೆ ಪುಸ್ತಕ ಮುಚ್ಚಿಟ್ಟರು. ಆಮೇಲೆ ಹಾಜರಿ ಪುಸ್ತಕವನ್ನು ತಾವಾಗಿಯೇ ಬೇರೆಯವರಿಗೆ ಕೊಟ್ಟರು — ಯಾರದೋ ಹಾಜರಿ ತಪ್ಪಿ ಬರೆದುಬಿಟ್ಟರೆ ಎಂಬ ಹೆದರಿಕೆ. ಆಮೇಲೆ ಸ್ಕೂಟರ್ ಬಿಟ್ಟರು. ಇದೆಲ್ಲ ನನಗೆ ಒಂದೊಂದಾಗಿ ಕಿವಿಗೆ ಬೀಳುತ್ತಿತ್ತು. ಪ್ರತಿ ಸಲವೂ, ಮುಂದಿನ ಸಲ ಹೋದಾಗ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಹೋದಾಗ ಪೆಟ್ಟಿಗೆಯ ಧೂಳು ಒರೆಸಿ ಬರುತ್ತಿದ್ದೆ.

ಈ ವರ್ಷ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ ಬಿದ್ದ ಮರುವಾರ ಆಲೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕರು. "ಮಗಾ, ಆ ಬಸ್ಸಿನ್ ಬೋರ್ಡಲ್ಲಿ ಏನ್ ಬರ್ದೈತೆ, ವಸಿ ಓದ್ ಹೇಳು," ಎಂದರು. ಬೋರ್ಡು ಹತ್ತು ಮಾರು ದೂರದಲ್ಲಿತ್ತು, ಅಕ್ಷರ ಗೇಣುದ್ದ. ಕೆ. ಹೊಸಕೋಟೆ ಎಂದೆ. ಅವರು ಹೊರಟವರು ನನ್ನ ಕಡೆ ತಿರುಗಿ, "ನಿನ್ ಬಲಗಿವಿ ಓಲೇಲಿ ಒಂದ್ ಕಲ್ಲು ಬಿದ್ದೋಗ್ಬುಟ್ಟೈತೆ, ನೋಡ್ಕೊ," ಎಂದರು.

ಮುಟ್ಟಿ ನೋಡಿದೆ. ಸಾಸಿವೆ ಕಾಳಿನಷ್ಟು ಕಲ್ಲು, ಇರಲಿಲ್ಲ. ನನಗೇ ಗೊತ್ತಿರಲಿಲ್ಲ.

ಅವರು ಬಸ್ಸು ಹತ್ತಿದರು. ನಾನೂ ಹತ್ತಿದೆ. ಪಕ್ಕದಲ್ಲಿ ಕೂತು, ಮೂವತ್ತೊಂದರಿಂದ ಹಿಡಿದು ಎಲ್ಲವನ್ನೂ ಹೇಳಿದೆ — ನಾಲಗೆ ತಡವರಿಸಿತು, ಕೆಲವು ಕಡೆ ಅತ್ತೆ, ಆದರೆ ಏನನ್ನೂ ಬಿಡಲಿಲ್ಲ.

"ಹಂಗಾದ್ರೆ ನನ್ ಕಣ್ಣು ನೆಟ್ಟಗೈತೆ," ಎಂದರು ಕೊನೆಗೆ. ನನ್ನನ್ನು ಕೇಳಿದ್ದಲ್ಲ, ತಮಗೇ ಹೇಳಿಕೊಂಡದ್ದು. ಆಮೇಲೆ ಕಿಟಕಿಯಾಚೆ ಕಂಡ ಬೋರ್ಡುಗಳನ್ನು ಓದತೊಡಗಿದರು. ಹಾಲಿನ ಡೈರಿ. ಗೊಬ್ಬರದ ಅಂಗಡಿ. ಯಾರದೋ ಮದುವೆಯ ಫ್ಲೆಕ್ಸಿನಲ್ಲಿ ಹುಡುಗನ ಹೆಸರು, ಹುಡುಗಿಯ ಹೆಸರು, ಸುಖಾಗಮನ ಬಯಸುವವರೆಲ್ಲರ ಹೆಸರು. ಗಟ್ಟಿಯಾಗಿ, ಬಸ್ಸಿನವರೆಲ್ಲ ತಿರುಗಿ ನೋಡುವಂತೆ. ನನಗೆ ಅಳುವಿನ ನಡುವೆಯೇ ನಗು ಬಂತು, ಅವರಿಗೂ ಬಂತು. ಎಷ್ಟೋ ದಿನದ ಮೇಲೆ ಉಸಿರು ಪೂರ್ತಿ ಒಳಗೆ ಹೋದಂತಾಯಿತು.

ನಗು ನಿಂತ ಮೇಲೆ ಅವರೆಂದರು, "ಮೂರ್ ವರ್ಷ ಕಣವ್ವಾ. ಮೊಮ್ಮಗು ಎತ್ಕಳಕ್ಕೂ ಹೆದರ್ತಿದ್ದೆ, ಎಲ್ಲಿ ಎಡವ್ಬುಡ್ತೀನೋ ಅಂತ."



ಎಸ್ಟೇಟಿಗೆ ಹೋಗಿ ಸಾಹುಕಾರರ ಮುಂದೆ, ಕಣದಲ್ಲಿದ್ದ ಆಳುಗಳ ಮುಂದೆ ಇನ್ನೊಮ್ಮೆ ಹೇಳಿದೆ. ಸಾಹುಕಾರರು ಬೈದರು, ಬೈಸಿಕೊಂಡೆ. ಪ್ರೋಗ್ರಾಮನ್ನು ತಿದ್ದಿದ್ದೇನೆ, ಡೊಂಕು ಪರೀಕ್ಷೆಯನ್ನು ಅಳಿಸಿ ಮೊದಲಿನದನ್ನೇ ಇಟ್ಟಿದ್ದೇನೆ, ಪೆಟ್ಟಿಗೆ ಕೊಂಡ ಉಳಿದ ಎಸ್ಟೇಟುಗಳಿಗೂ ಒಂದೊಂದಾಗಿ ಹೋಗಿ ಇದನ್ನೇ ಹೇಳುತ್ತಿದ್ದೇನೆ. ಆದರೆ ಆ ಮೂರು ವರ್ಷದ ಮಳೆ ಇನ್ನು ಸಿಗುವುದಿಲ್ಲ. ಪೆಟ್ಟಿಗೆ ಉಳಿಸಿಕೊಂಡದ್ದು ಬಾಲ ಕತ್ತರಿಸಿದ ಅಂಕಿಗಳನ್ನು ಮಾತ್ರ. ಯಾವ ದಿನ ಸರಿ, ಯಾವ ದಿನ ಒಂದು ಕಡಿಮೆ ಎಂದು ಯಾರೂ ಹೇಳಲಾರರು. ಇಪ್ಪತ್ತಾರು ವರ್ಷ ತುಂಬಿದ ಪುಸ್ತಕದಲ್ಲಿ ನಾನು ಮಾಡಿದ ತೂತು ಹಾಗೇ ಇರುತ್ತದೆ.

ಆ ದಿನ ಪುಟ್ಟಬಸಪ್ಪನವರು ಸ್ಟೋರಿನಿಂದ ಮಳೆ ಪುಸ್ತಕ ತಂದು, ಖಾಲಿ ಹಾಳೆ ತೆಗೆದು ನನ್ನ ಮುಂದಿಟ್ಟು, "ಬರಿ," ಎಂದರು. ಪೆಟ್ಟಿಗೆಯ ಈ ಮೂರು ವರ್ಷದ ಲೆಕ್ಕ ಸರಿಯಿಲ್ಲ, ರೈಟರ ಕಣ್ಣು ಸರಿಯಿತ್ತು, ತಪ್ಪು ನನ್ನದು ಎಂದು ಬರೆದು ಹೆಸರು ಹಾಕಿದೆ. ಅವರು ಪುಸ್ತಕವನ್ನು ತೋಳುದ್ದಕ್ಕೆ ಹಿಡಿದು, ನಿಧಾನವಾಗಿ, ಕೊನೆಯ ಅಕ್ಷರದವರೆಗೂ ಓದಿದರು. ಆಮೇಲೆ ನನ್ನತ್ತ ಚಾಚಿದರು.

"'ತಪು' ಅಂತ ಬರ್ದಿದ್ದೀಯಲ್ಲವ್ವಾ. ಒತ್ತು ಹಾಕು."

ಹಾಕಿದೆ.