ಭಾವನ ಮಾರು, ಮರದವನ ಮಾರು

ಹಿತ್ತಲಿನ ತೆಂಗಿನ ಮರಕ್ಕೆ ಹುಳ ಹೊಕ್ಕಿದೆ ಎಂದು ನಮಗೆ ತಿಳಿಯುವಷ್ಟರಲ್ಲಿ ಅದರ ಸುಳಿ ಬಾಗಿಹೋಗಿತ್ತು. ಕಾಂಡಕ್ಕೆ ಕಿವಿಯಿಟ್ಟರೆ ಒಳಗೆ ಕರಕರ ಸದ್ದು ಕೇಳುತ್ತಿತ್ತು. ಮರ ನಮ್ಮದು, ವಾಲಿದ್ದು ಮಾತ್ರ ಬೇಲಿಯಾಚೆಗೆ. ಅಲ್ಲಿ ಭಾವನ ಕೊಟ್ಟಿಗೆ. ಭಾವ ಎಂದರೆ ನಿಮ್ಮ ತಾತನ ಅಣ್ಣ, ನೀವು ದೊಡ್ಡ ತಾತ ಎನ್ನುವವರು. ಕೊಟ್ಟಿಗೆಗೆ ಅಂಟಿಕೊಂಡೇ ಅವರ ಮನೆ. ಗೋಡೆಯ ಆಚೆ ಪಕ್ಕದಲ್ಲಿ ಮಂಡಿನೋವಿನ ಅಕ್ಕ, ಅಂದರೆ ನನ್ನ ಓರಗಿತ್ತಿ, ಹಗಲೆಲ್ಲ ಮಲಗಿರುತ್ತಾರೆ.

ನಮ್ಮ ಕಿಣತ್ತುಕಡವಿನ ಕಡೆ ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಗಾಳಿ ಹೇಗಿರುತ್ತದೆಂದು ನಿಮಗೆ ಗೊತ್ತಿಲ್ಲ. ನೀವು ಕೊಯಮತ್ತೂರಿನಲ್ಲಿ ಕಿಟಕಿ ಮುಚ್ಚಿಕೊಂಡು ಬೆಳೆದವರು. ಇಲ್ಲಿ ಗಾಳಿ ಪಡುವಣದ ಕಣಿವೆಯಿಂದ ನುಗ್ಗಿ ಬರುತ್ತದೆ, ಮೂಡಣಕ್ಕೆ ಹೋಗುತ್ತದೆ, ನಡುವೆ ನಿಲ್ಲುವುದೇ ಇಲ್ಲ. ಕೊಟ್ಟಿಗೆ ಇದ್ದದ್ದೂ ಮರದ ಮೂಡಣಕ್ಕೇ. ಅನ್ನಕ್ಕೆ ನೀರಿಟ್ಟರೂ ನನ್ನ ಕಿವಿ ಹಿತ್ತಲಲ್ಲಿರುತ್ತಿತ್ತು. ಮರ ಒಮ್ಮೆ ಕಿರ್ ಎಂದರೆ ಸೌಟು ಬಿಟ್ಟು ಬಾಗಿಲಿಗೆ ಓಡುವುದು, ನೋಡುವುದು, ಮತ್ತೆ ಒಳಗೆ ಬರುವುದು. ಎರಡು ಸಲ ಸಾರು ಸೀಯಿತು. ಮರ ಯಾರ ಮೇಲೂ ಬೀಳದೆ ನೆಲ ಸೇರಿದರೆ ಸಾಕು ಎಂಬುದೊಂದೇ ಯೋಚನೆ.

ಇದನ್ನು ಭಾವನಿಗೆ ಹೇಳಬೇಕು. ಅದೇ ಕಷ್ಟ. ಗಂಡನ ಅಣ್ಣನ ಎದುರು ನಿಂತು ಮಾತಾಡುವ ರೂಢಿ ನಮ್ಮ ಮನೆತನದಲ್ಲಿಲ್ಲ. ನಾನು ತಾಳವಾಡಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು. ಏಳನೇ ತರಗತಿವರೆಗಿನ ಕನ್ನಡ ಶಾಲೆಯ ಓದು, ಅದರ ಮೇಲೆ ಹುಟ್ಟು ಸಂಕೋಚ. ಭಾವ ಜಗಲಿಗೆ ಬಂದರೆ ನಾನು ಕಂಬದ ಹಿಂದೆ. ಹೇಳುವುದಿದ್ದರೆ ಅಕ್ಕನಿಗೆ ಹೇಳಬೇಕು, ಅಕ್ಕ ಅವರಿಗೆ ಹೇಳಬೇಕು. ಅಕ್ಕ ಇಲ್ಲದಾಗ ಯಾವುದಾದರೂ ಮಗುವನ್ನು ಮುಂದೆ ನಿಲ್ಲಿಸಿಕೊಂಡು, "ಅಕ್ಕಿ ಗಿರಣಿಗೆ ಕಳಿಸಬೇಕಂತೆ, ದೊಡ್ಡಪ್ಪನಿಗೆ ಹೇಳು" ಎನ್ನುತ್ತಿದ್ದೆ. ಅವರಿಗೆ ನೇರವಾಗಿಯೇ ಕೇಳಿಸುತ್ತಿತ್ತು. ಆದರೂ ಮಗು ಹೇಳುವವರೆಗೆ ಕೇಳಿಸಿಕೊಳ್ಳುತ್ತಿರಲಿಲ್ಲ. ನಿಮ್ಮ ತಾತ ಹೋದ ಮೇಲೆ ತೋಟವನ್ನೆಲ್ಲ ಅವರೇ ನೋಡಿಕೊಂಡರು. ಆಗಲೂ ಹೀಗೇ ನಡೆದುಕೊಂಡು ಬಂತು.

ನಾನು ಅಕ್ಕನಿಗೆ ಹೇಳಿದೆ, ಅಕ್ಕ ಮಲಗಿದಲ್ಲಿಂದಲೇ ಅವರಿಗೆ ಹೇಳಿದರು. ಭಾವ ಪೊಳ್ಳಾಚಿ ಕಡೆಯಿಂದ ಮರ ಕಡಿಯುವವನೊಬ್ಬನನ್ನು ಕರೆಸಿದರು. ಅವನು ತುಂಬಾ ಎತ್ತರದ ಆಳು, ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕು. ಕಾಂಡವನ್ನು ತಟ್ಟಿ ನೋಡಿದ.

"ಹತ್ತಿ ತುಂಡು ತುಂಡಾಗಿ ಇಳಿಸೋ ಮರ ಅಲ್ಲ ಇದು, ಅಮ್ಮಣಿ. ಒಳಗೆಲ್ಲ ಹಿಟ್ಟಾಗಿದೆ. ನನ್ನ ಸಮೇತ ಬೀಳುತ್ತೆ," ಎಂದ.

ತೆಂಕಣಕ್ಕೆ ಖಾಲಿ ಹೊಲದ ಪಟ್ಟಿ ಇತ್ತು. ಅಲ್ಲಿಗೆ ಕೆಡವಬೇಕು. ತೆಂಕಣಕ್ಕೆ ಮಾತ್ರ ಎಳೆದರೆ ವಾಲಿಕೆಯೂ ಗಾಳಿಯೂ ಸೇರಿಕೊಂಡು ಮರವನ್ನು ಕೊಟ್ಟಿಗೆಯ ಮೂಲೆಗೆ ತಳ್ಳುತ್ತವೆ. ಅದಕ್ಕೆ ಎರಡು ಹಗ್ಗ. ಒಂದನ್ನು ಪಡುವಣ ದಾರಿಯಲ್ಲಿ ನಿಲ್ಲಿಸಿದ ಟ್ರ್ಯಾಕ್ಟರಿಗೆ ಕಟ್ಟುವುದು. ಇನ್ನೊಂದನ್ನು ತೆಂಕಣದ ಪಟ್ಟಿಯಲ್ಲಿ ನಿಂತು ಜನ ಎಳೆಯುವುದು. ಆ ಕಡೆ ಹನಿ ನೀರಿನ ಪೈಪುಗಳಿದ್ದುದರಿಂದ ಟ್ರ್ಯಾಕ್ಟರ್ ಇಳಿಸುವಂತಿರಲಿಲ್ಲ.

"ಜನ ಎಳೆಯೋ ಹಗ್ಗ ಮರದ ಎರಡರಷ್ಟು ಇರಲಿ ದೊಡ್ಡವರೇ. ಮರ ಬರೋದು ಅವರ ಕಡೆಗೇ," ಎಂದು ಹೇಳಿ ಹೋದ.

ಆ ಶನಿವಾರ ನಿಮ್ಮಲ್ಲಿ ದೊಡ್ಡವಳು ಬಂದಿದ್ದಳು. ಹನ್ನೊಂದನೇ ತರಗತಿ. ಸೋಮವಾರ ಭೌತಶಾಸ್ತ್ರದ ಪರೀಕ್ಷೆ, ವೆಕ್ಟರ್ ಎಂಬ ಪಾಠ. ನಿಮಗೆ ಕನ್ನಡ ಓದಲು ಬರುವುದಿಲ್ಲ, ಇದನ್ನು ನಿಮ್ಮ ಅಮ್ಮನೇ ಓದಿ ಹೇಳಬೇಕು. ಎಲ್ಲಾದರೂ ತಪ್ಪಿದ್ದರೆ ದೊಡ್ಡವಳು ತಿದ್ದಲಿ, ಅವಳು ಅಲ್ಲೇ ಇದ್ದಳು. ಹರಿದ ಕ್ಯಾಲೆಂಡರ್ ಹಾಳೆಯ ಹಿಂದೆ ಬಾಣಗಳನ್ನು ಬರೆಯುತ್ತಾ ಕೂತಿದ್ದಳು.

"ಅಜ್ಜಿ, ನೋಡು. ಗಾಳಿ ಒಂದು ಬಾಣ. ಟ್ರ್ಯಾಕ್ಟರ್ ಅದಕ್ಕೆ ಎದುರು ಬಾಣ. ದೊಡ್ಡ ತಾತ ಒಂದು ಬಾಣ. ಎದುರುಬದುರು ಎರಡೂ ಕಳೆದುಹೋದ್ರೆ ದೊಡ್ಡ ತಾತ ಒಬ್ಬರೇ ಉಳೀತಾರೆ."

"ಉಳಿದ್ರೆ ಸರಿ," ಎಂದೆ. ಅವಳು ನಕ್ಕಳು.

ಎಷ್ಟು ಬಲ ಎಂದರೆ ಸಾಲದಂತೆ, ಯಾವ ಕಡೆಗೆ ಎಂದೂ ಹೇಳಬೇಕಂತೆ. ಅದು ನನಗೆ ಹಿಡಿಸಿತು. ಗಾಳಿಯ ಊರಿನಲ್ಲಿ ಬದುಕುವವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಮಾತನ್ನೂ ಹೇಳಿದಳು. ಉತ್ತರದಲ್ಲಿ ಬರೀ ಹತ್ತು, ಇಪ್ಪತ್ತು ಎಂದು ಬರೆದರೆ ಟೀಚರ್ ಮಾರ್ಕ್ ಕೊಡುವುದಿಲ್ಲವಂತೆ. ಹತ್ತು ಏನು? ಮೀಟರೋ, ಅಡಿಯೋ? ಅದನ್ನು ಮರೆತು ಹೋದ ಸಲ ಮಾರ್ಕ್ ಕಳೆದುಕೊಂಡಳಂತೆ. ಆ ಟೀಚರ್ ಮೇಲೆ ಅವಳಿಗೆ ಇನ್ನೂ ಸಿಟ್ಟಿತ್ತು. ನಾನು ಹೂಂ ಎಂದೆ, ಕಿವಿ ಹಿತ್ತಲಲ್ಲಿತ್ತು.

ಭಾನುವಾರ ಬೆಳಿಗ್ಗೆ ಮರದವನು ಬಂದ. ತನ್ನೆತ್ತರದ ಕೋಲೊಂದನ್ನು ನೆಲಕ್ಕೆ ಊರಿ, ಕೋಲಿನ ನೆರಳು ಕೋಲಿನಷ್ಟೇ ಆಗುವವರೆಗೆ ಕಾದ. ನಡುನಡುವೆ ಮೋಡ ಬಂದು ನೆರಳು ಅಳಿಸಿಹೋಗುತ್ತಿತ್ತು. ಅವನು ಬೀಡಿ ಸೇದುತ್ತಾ ಕೂತ, ನಾನು ಒಳಗೂ ಹೊರಗೂ ನಡೆದೆ. ಸರಿಯಾದ ಗಳಿಗೆಗೆ ಮರದ ನೆರಳಿನ ಉದ್ದಕ್ಕೆ ದಾರ ಹಾಸಿ, ಎರಡೂ ಕೈ ಚಾಚಿ ಚಾಚಿ ಅಳೆದ. ಚಾಚಿದ ಕೈಗಳ ಈ ತುದಿಯಿಂದ ಆ ತುದಿಗೆ ಒಂದು ಮಾರು.

"ಹತ್ತು ಮಾರು," ಎಂದ.

"ಎಳೆಯೋ ಹಗ್ಗ ಇಪ್ಪತ್ತು ಮಾರು ಇದೆ. ರಾತ್ರಿ ನಾನೇ ಕೈಯಾರೆ ಅಳೆದಿಟ್ಟಿದ್ದೀನಿ," ಎಂದರು ಭಾವ. ಅದು ದಪ್ಪ ತೆಂಗಿನ ನಾರಿನ ಹಗ್ಗ.

ಅವನು ಪಕ್ಕದ ಮರ ಹತ್ತುವ ಮೊದಲು, "ಕುಣಿಕೆಗೆ ಮೂರು ಮಾರು ಬಿಡಿ" ಎಂದ. ಭಾವ ಕೈ ಚಾಚಿ ಮೂರು ಎಣಿಸಿ, ಆ ಜಾಗವನ್ನು ಹಿಡಿದುಕೊಟ್ಟರು. ಅವನು ಅದನ್ನು ತನ್ನ ಕೈಗಳ ನಡುವೆ ಹಾಯಿಸಿದ. ಒಂದು, ಎರಡು, ಮತ್ತೆ ಸ್ವಲ್ಪ. ಎರಡೂವರೆಗೂ ಸಾಲಲಿಲ್ಲ. ಏನೂ ಹೇಳದೆ ಇನ್ನಷ್ಟು ಹಗ್ಗ ಎಳೆದುಕೊಂಡು ಮರ ಹತ್ತಿದ. ಅಲ್ಲಿಂದ ದೋಟಿ ಚಾಚಿ ಕುಣಿಕೆಯನ್ನು ಸತ್ತ ಮರದ ಕುತ್ತಿಗೆಗೆ ಇಳಿಬಿಟ್ಟ.

ಅಲ್ಲಿದ್ದವರೆಲ್ಲ ಅದನ್ನು ನೋಡಿದರು. ಭಾವ ಗಿಡ್ಡ. ನಿಮ್ಮ ತಾತನ ಭುಜಕ್ಕೂ ಬರುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಫೋಟೊ ತೆಗೆಯುವಾಗ ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಅದರ ಬಗ್ಗೆ ಊರಿನಲ್ಲಿ ಯಾರೂ ತಮಾಷೆಗೂ ಮಾತೆತ್ತುವುದಿಲ್ಲ.

ನಾನು ಅಡುಗೆ ಮನೆಗೆ ಹೋದೆ. ಬೇಳೆ ತೊಳೆದೆ. ತೊಳೆದ ಬೇಳೆಯನ್ನೇ ಮತ್ತೆ ತೊಳೆದೆ. ಭಾವನ ಮೂರು ಅವನಿಗೆ ಎರಡೂ ಚಿಲ್ಲರೆ. ಹಾಗಾದರೆ ಭಾವನ ಇಪ್ಪತ್ತು? ಕೈ ಒರೆಸಿಕೊಂಡು ಜಗಲಿಗೆ ಬಂದು ದೊಡ್ಡವಳ ಪಕ್ಕ ಕೂತೆ. ಮೆಲ್ಲಗೆ ಕೇಳಿದೆ.

ಅವಳು ಹಾಳೆ ತಿರುವಿ ಬರೆದಳು. "ಆ ಅಣ್ಣನ ಮಾರಿನ ಲೆಕ್ಕದಲ್ಲಿ ಹದಿನಾರು ಬರುತ್ತೆ, ಅಜ್ಜಿ. ಕುಣಿಕೆಗೆ ಮೂರು ಹೋದ್ರೆ ಹದಿಮೂರು."

"ಹಗ್ಗ ನೆಲದ ಮೇಲೆ ಇರಲ್ವಲ್ಲ, ಮರದ ಮೇಲಿಂದ ಇಳಿಜಾರಾಗಿ ಬರುತ್ತೆ."

"ಹೌದು, ಇರು." ಮರವನ್ನೊಂದು ಗೆರೆ, ಹಗ್ಗವನ್ನೊಂದು ಓರೆ ಗೆರೆ ಎಳೆದು ಏನೇನೋ ಗುಣಿಸಿದಳು. ನಿಧಾನವಾಗಿ ತಲೆ ಎತ್ತಿದಳು. "ಹಗ್ಗದ ಕೊನೆ ಮುಟ್ಟೋದು ಹತ್ತು ಮಾರಿನ ಹತ್ರಾನೇ."

ಮರವೂ ಹತ್ತು ಮಾರು. ಎಳೆಯುವವರು ಹಗ್ಗದ ಕೊನೆಯಲ್ಲೇ ನಿಲ್ಲುವುದಿಲ್ಲ, ಸೊಂಟಕ್ಕೆ ಒಂದು ಸುತ್ತು ಹಾಕಿ ಮುಂದೆ ನಿಲ್ಲುತ್ತಾರೆ. ಎಲ್ಲರಿಗಿಂತ ಮುಂದೆ ಭಾವ. ಹಿಂದೆ ಇಬ್ಬರು ಆಳುಗಳು. ಬಾಗಿಲಿಂದ ನೋಡಿದೆ. ಕಣ್ಣಿಗೆ ಅವರು ಎಷ್ಟೋ ದೂರದಲ್ಲಿದ್ದಂತೆ ಕಂಡರು. ಅವರಿಗೂ ಹಾಗೇ ಕಂಡೀತು ಎಂದೇ ಭಯವಾಯಿತು. ಮರದವನು ಬುಡದಲ್ಲಿ ಬಗ್ಗಿ ಕೊಯ್ಯುವ ಮೆಷಿನ್ನಿಗೆ ಎಣ್ಣೆ ಹಾಕುತ್ತಿದ್ದ, ಬೆನ್ನು ಆ ಕಡೆಗೆ.

"ಹೋಗಿ ದೊಡ್ಡ ತಾತನಿಗೆ ಹೇಳು, ಹಗ್ಗ ಸಾಲದಂತೆ ಅಂತ."

ಅವಳು ಓಡಿದಳು. ಗಾಳಿಯಲ್ಲಿ ಮಾತು ಚೂರು ಚೂರಾಗಿ ನನ್ನ ಕಡೆಗೆ ಬರುತ್ತಿತ್ತು.

"ಇಪ್ಪತ್ತು ಮಾರು, ಕಂದಾ, ನಾನೇ ಅಳೆದಿದ್ದು. ನೀನು ಪುಸ್ತಕ ನೋಡ್ಕೋ ಹೋಗು."

"ಇಪ್ಪತ್ತು ಅಂದ್ರೆ ಯಾರ ಇಪ್ಪತ್ತು, ತಾತ? ನಿಮ್ಮ ಮಾರು ಬೇರೆ, ಆ ಅಣ್ಣನ ಮಾರು ಬೇರೆ. ನಿಮ್ಮ ಕೈ..."

ಹಿಂದಿದ್ದ ಆಳೊಬ್ಬ ಕಿಸಕ್ಕೆಂದ. ಅಷ್ಟೇ ಸಾಕಾಯಿತು. ಭಾವನ ಮುಖ ನನಗೆ ಕಾಣಲಿಲ್ಲ, ಕುತ್ತಿಗೆ ಬಿಗಿದದ್ದು ಕಂಡಿತು. ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು, ಹೆಗಲ ಟವೆಲ್ ಸೊಂಟಕ್ಕೆ ಬಿಗಿದು, ಹಗ್ಗಕ್ಕೆ ಇನ್ನೊಂದು ಸುತ್ತು ಹಾಕಿಕೊಂಡರು. ಅಂದರೆ ಇನ್ನೂ ಮುಂದೆ ಬಂದರು.

"ಶುರು ಮಾಡಪ್ಪ," ಎಂದು ಕೂಗಿದರು.

ಮೆಷಿನ್ ಗುರ್ ಎಂದಿತು. ಅಕ್ಕನ ಬಳಿಗೆ ಹೋಗಿ, ಅಕ್ಕ ಎದ್ದು, ಕೋಲು ಹಿಡಿದು, ಬಾಗಿಲಿಗೆ ಬಂದು... ಅಷ್ಟು ಹೊತ್ತು ಇರಲಿಲ್ಲ. ಹಿತ್ತಲು ದಾಟಿದ್ದು, ಪೈಪು ಎಡವಿದ್ದು ನೆನಪಿದೆ. ಸೆರಗು ಗಾಳಿಗೆ ಹಾರಿ ಮುಖಕ್ಕೆ ಬಡಿಯುತ್ತಿತ್ತು. ಅದನ್ನು ಸರಿಮಾಡಿಕೊಳ್ಳಬೇಕು, ಆಮೇಲೆ ಮಾತಾಡಬೇಕು ಎಂದುಕೊಂಡೆ. ಸರಿಮಾಡಿಕೊಳ್ಳಲು ಆಗಲಿಲ್ಲ.

"ಭಾವ, ಹಗ್ಗ ಕಡಿಮೆ ಇದೆ. ಮರದ ತಲೆ ನಿಮ್ಮ ಮೇಲೇ ಬರುತ್ತೆ. ಹಿಂದಕ್ಕೆ ಬನ್ನಿ."

ಅವರು ನನ್ನನ್ನು ನೋಡಲಿಲ್ಲ, ನನ್ನ ಪಕ್ಕದಲ್ಲಿ ಯಾರಾದರೂ ನಿಂತಿದ್ದಾರೋ ಎಂದು ಹುಡುಕಿದರು. ಯಾರೂ ಇರಲಿಲ್ಲ. ದೊಡ್ಡವಳು ಆಗಲೇ ಮೆಷಿನ್ ಕಡೆಗೆ ಓಡಿದ್ದಳು. ಆಳುಗಳು ಇಬ್ಬರೂ ಹಗ್ಗ ಸಡಿಲಬಿಟ್ಟರು. ನನ್ನ ಧ್ವನಿಯನ್ನು ಅವರು ಅದೇ ಮೊದಲು ಕೇಳಿದ್ದಿರಬೇಕು.

"ಮೆಷಿನ್ ನಿಲ್ಲಿಸು ಅನ್ನು," ಎಂದರು ಭಾವ, ಯಾರಿಗೋ.

ಮರದವನು ಬಂದ. ಬಂದವನು ಹಗ್ಗದ ಗುಂಟ ಮರದತ್ತ ಕಣ್ಣು ಹಾಯಿಸಿದ. ಭಾವನ ಕೈಯಲ್ಲಿದ್ದ ತುದಿಯಿಂದ ತನ್ನ ಕೈ ಚಾಚಿ ಕೆಲವು ಮಾರು ಅಳೆದ. ಒಂದು ಸಲ ಭಾವನ ಕಡೆ, ಒಂದು ಸಲ ನಕ್ಕ ಆಳಿನ ಕಡೆ ನೋಡಿದ.

"ನಾರಿನ ಹಗ್ಗ ಅಲ್ವಾ ದೊಡ್ಡವರೇ. ಮಳೆ ಹನಿ ಬಿದ್ದಿದೆ, ಕುಗ್ಗಿಬಿಟ್ಟಿದೆ," ಎಂದ.

"ಕುಗ್ಗುತ್ತೆ," ಎಂದರು ಭಾವ. "ಕುಗ್ಗುತ್ತೆ, ಹೌದು."

ನಮ್ಮ ಮನೆಯ ಹಳೆ ಬಾವಿ ಹಗ್ಗವನ್ನು ತಂದುಕೊಟ್ಟೆ. ಎರಡನ್ನೂ ಗಂಟು ಹಾಕಿ, ಈ ಸಲ ಮರದವನೇ ಅಳೆದ. ಭಾವ ಹೊಲದ ಬದುವಿನಾಚೆಗೆ ಹೋಗಿ ನಿಂತರು. ಅಲ್ಲಿಂದ ಅವರು ಇನ್ನೂ ಸಣ್ಣಗೆ ಕಾಣುತ್ತಿದ್ದರು. ನಾನು ಮನೆಗೆ ಹೋಗಬೇಕಿತ್ತು, ಹೋಗಲಿಲ್ಲ. ದೊಡ್ಡವಳ ಕೈ ಹಿಡಿದುಕೊಂಡು ಅಲ್ಲೇ ನಿಂತೆ.

ಮೆಷಿನ್ ಬುಡವನ್ನು ಅರ್ಧ ದಾಟಿದಾಗ ಒಂದು ಗಾಳಿ ಬಂತು. ಮರ ಕೊಟ್ಟಿಗೆಯ ಕಡೆಗೇ ತೂಗಿತು. ಟ್ರ್ಯಾಕ್ಟರಿನ ಹಗ್ಗ ಬಿಗಿದು ನಡುಗಿತು, ಅದರ ಚಕ್ರ ಮಣ್ಣು ಕೆದರಿತು. ಅಕ್ಕ ಒಳಗಿಂದ ಏನೆಂದು ಕೇಳುತ್ತಿದ್ದರು. "ಎಳೀರಿ" ಎಂದು ಭಾವ ಕೂಗಿದ್ದು ಕೇಳಿಸಿತು. ಮರ ಆ ಕಡೆಗೂ ಹೋಗದೆ ಈ ಕಡೆಗೂ ಬರದೆ ಸ್ವಲ್ಪ ಹೊತ್ತು ನಿಂತೇ ಇತ್ತು. ಆಮೇಲೆ ತೆಂಕಣಕ್ಕೆ ತಿರುಗಿ, ಅವಸರವಿಲ್ಲದೆ ಶುರುವಾಗಿ, ಕೊನೆಗೆ ನೋಡನೋಡುತ್ತಿದ್ದಂತೆ ಒಂದೇ ಸಲ ಬಂದು ಬಿತ್ತು. ನೆಲ ಪಾದದ ಕೆಳಗೆ ಅದುರಿತು. ಧೂಳು ಗಾಳಿಯ ಜೊತೆ ಮೂಡಣಕ್ಕೆ ಹೊರಟುಹೋಯಿತು.

ಕೊಟ್ಟಿಗೆಗೆ ಒಂದು ಗರಿಯೂ ತಾಗಲಿಲ್ಲ. ಅಕ್ಕನಿಗೆ ಕೂಗಿ ಹೇಳಿದೆ.

ಭಾವ ಹಗ್ಗ ಬಿಟ್ಟು ಬರಿಗಾಲಿನಲ್ಲಿ ನಡೆದು ಬಂದರು. ಮರದ ತಲೆ ಬಿದ್ದಲ್ಲಿ ನಿಂತು ಗರಿಗಳನ್ನು ಒಂದೊಂದಾಗಿ ಸರಿಸಿದರು. ಒಣ ಹೊಂಬಾಳೆಯ ಕೆಳಗೆ ಅವರ ಚಪ್ಪಲಿಗಳು ಮಣ್ಣಿಗೆ ಒತ್ತಿಹೋಗಿದ್ದವು. ಅವನ್ನು ಕಿತ್ತು ತೆಗೆಯುವಾಗ ಒಂದರ ಬಾರು ಹರಿದು ಬಂತು. ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದರು. ಆಳುಗಳೂ ಬಂದು ನೋಡಿದರು. ಈ ಸಲ ಯಾರೂ ನಗಲಿಲ್ಲ.

ನಾನು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದೆ. ದೊಡ್ಡವಳ ಕೈಗೆ ಕೊಟ್ಟು ಕಳಿಸೋಣ ಎಂದರೆ ಅವಳು ಮರದ ಮೇಲೆ ಹತ್ತಿ, ಬುಡದಿಂದ ತುದಿಗೆ ಹೆಜ್ಜೆ ಹಾಕಿ ಅಳೆಯುತ್ತಿದ್ದಳು. ನಾನೇ ಕೊಟ್ಟೆ. ಭಾವ ಕುಡಿದರು. ಚೊಂಬು ವಾಪಸು ಕೊಡುತ್ತಾ, ಮೆಲ್ಲಗೆ, ಆಳುಗಳಿಗೆ ಕೇಳಿಸದ ಹಾಗೆ ಕೇಳಿದರು.

"ನನ್ನ ಮಾರು ಕಡಿಮೆ ಅಂತ ನಿನಗೆ ಆಗಲೇ ಗೊತ್ತಾಯ್ತಾ?"

"ಇಲ್ಲ ಭಾವ. ಹಗ್ಗ ಕುಗ್ಗಿತ್ತು."

ಅವರು ಹರಿದ ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡರು.

"ಇಷ್ಟು ವರ್ಷಕ್ಕೆ ಒಂದು ದಿನ ಮಾತಾಡಿದೀಯ, ಅದರಲ್ಲೂ ಸುಳ್ಳು," ಎಂದರು.