ಇಬ್ಬರು ಪಂಚರು

ನಮ್ಮ ಚಾಮರಾಜಪೇಟೆ ರಸ್ತೆಯಲ್ಲಿ ಹೂ ಮಾರುತ್ತಿದ್ದ ಸರೋಜಮ್ಮನ ಕೊಲೆಯಾದಾಗ, ಪಂಚನಾಮೆಗೆ ಸಾಕ್ಷಿ ಬೇಕು ಅಂತ ಪೊಲೀಸರು ದಾರಿಯಲ್ಲಿ ಹೋಗ್ತಿದ್ದ ನನ್ನನ್ನೂ ಇಸ್ತ್ರಿ ಅಂಗಡಿ ರಾಜಣ್ಣನನ್ನೂ ನಿಲ್ಲಿಸಿಕೊಂಡರು. ಆರೋಪಿ ಮೋರಿಯಿಂದ ಚಾಕು ತೆಗೆದುಕೊಟ್ಟಿದ್ದನ್ನು ನಾವಿಬ್ಬರೂ ಕಣ್ಣಾರೆ ನೋಡಿ ಸಹಿ ಹಾಕಿದೆವು.

ನಾಲ್ಕು ವರ್ಷದ ಮೇಲೆ ಕೋರ್ಟಿನಲ್ಲಿ ನಾನು ನೋಡಿದ್ದನ್ನು ಹೇಳಿದೆ. ರಾಜಣ್ಣ ಮಾತ್ರ, ಚಾಕು ನೋಡೇ ಇಲ್ಲ, ಸ್ಟೇಷನ್ನಿನಲ್ಲಿ ಸಹಿ ಹಾಕಿಸಿಕೊಂಡರು ಅಂದುಬಿಟ್ಟ. ಒಬ್ಬರ ಮಾತಿಗೆ ಇನ್ನೊಬ್ಬರದು ತಾಳೆಯಾಗದ ಕಾರಣ ಪಂಚರ ಸಾಕ್ಷ್ಯ ನಂಬಲರ್ಹವಲ್ಲ ಅಂತ ತೀರ್ಪು ಬಂತು. ಆರೋಪಿ ಬಿಡುಗಡೆಯಾದ. ಸರೋಜಮ್ಮನ ಮಗಳು ನಮ್ಮಿಬ್ಬರನ್ನೂ ಒಂದೇ ಥರ ನೋಡಿ ಹೊರಟುಹೋದಳು. ಆ ನೋಟ ಇವತ್ತಿಗೂ ನನ್ನ ಮೈ ಉರಿಸುತ್ತೆ.

ಮಾರನೇ ದಿನ ಅಂಗಡಿಗೇ ಹೋಗಿ ಕೇಳಿದೆ, “ಯಾಕ್ರೀ ಹಂಗಂದ್ರಿ?”

ರಾಜಣ್ಣ ಇಸ್ತ್ರಿಪೆಟ್ಟಿಗೆ ಎತ್ತದೆ ಹೇಳಿದ, “ಆ ಆರೋಪಿ ಮನೆ ಬಟ್ಟೇನೂ ಇಲ್ಲಿಗೇ ಬರುತ್ತೆ ಸಾರ್. ನೀವೂ ನೆನಪಿಲ್ಲ ಅಂದಿದ್ರೆ ಮುಗೀತಿತ್ತು. ಸುಮ್ನೆ ಯಾಕೆ ತಲೆನೋವು?” ಆಮೇಲೆ ಕೋರ್ಟಿಗೆ ಹಾಕಿಕೊಂಡು ಹೋಗಿದ್ದ, ಹೆಂಡತಿ ಇಸ್ತ್ರಿಗೆ ಕೊಟ್ಟಿದ್ದ ನನ್ನ ಶರಟು ಕೈಗಿಟ್ಟ. “ಕಾಲರ್ ನೀಟಾಗಿ ಬಂದಿದೆ ನೋಡಿ.”

ಅವತ್ತಿನಿಂದ ಮನೆಯಲ್ಲೇ ಇಸ್ತ್ರಿ ಮಾಡಿಕೊಳ್ತೀನಿ. ಕಾಲರ್ ಸೊಟ್ಟಗಿದೆ ಅಂತ ಹೆಂಡತಿ ಆಡಿಕೊಳ್ತಾಳೆ. ನಂಬಲರ್ಹವಲ್ಲದ ಮನುಷ್ಯನಿಗೆ ಇಷ್ಟು ಕಾಲರ್ ಸಾಕು ಅಂತೀನಿ.