ನಿಂತ ಕೋಣೆಯ ಪ್ರಮಾಣಪತ್ರ

ನಾನು ನಿಂತಿದ್ದು ಗೋದಾಮಿನ ಬಾಗಿಲ ಹೊರಗೆ, ಹೊಸ್ತಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಹಾಜರಿ ಪುಸ್ತಕ ಹಿಡಿದುಕೊಂಡು. ಊರು ಕಮತಗಿಯಿಂದ ಹುನಗುಂದಕ್ಕೆ ಹೋಗುವ ರಸ್ತೆಯ ಬದಿಯದು. ನಮ್ಮ ಕಡೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಚಳಿಗಾಲ, ಬೆಳಿಗ್ಗೆ ಹತ್ತೂವರೆ. ಓವರ್‌ಸಿಯರ್ ಸಾಹೇಬರ ಕೈಗಡಿಯಾರದಲ್ಲಿ ನೋಡಿದ್ದೆ.

ನಾನು ಗುತ್ತಿಗೆದಾರರೊಬ್ಬರ ಬಳಿ ಕಾರಕೂನನಾಗಿದ್ದೆ. ಅವರು ಇಪ್ಪತ್ತು ವರ್ಷ ಕಲ್ಲಿನ ಕಟ್ಟಡ ಕಟ್ಟಿಸಿದವರು. ಹೊಸ ಸರಕಾರದಲ್ಲಿ ಲೈಸೆನ್ಸನ್ನು ಹೊಸದಾಗಿ ಮಾಡಿಸಬೇಕಿತ್ತು. ದೊಡ್ಡ ಕೆಲಸ ಸಿಗುವ ದರ್ಜೆ ಬೇಕಾದರೆ ಕಾಂಕ್ರೀಟ್ ಚಾವಣಿ ಹಾಕಿ ಮುಗಿಸಿದ ಅನುಭವಕ್ಕೆ ಪ್ರಮಾಣಪತ್ರ ತರಬೇಕು. ಅವರು ಹಾಕಿಸಿದ ಕಾಂಕ್ರೀಟ್ ಅದೊಂದೇ, ಎರಡು ಕೋಣೆಯ ಆ ಕಾಳಿನ ಗೋದಾಮು. ಸಹಿ ಹಾಕಬೇಕಾದ ಸರಕಾರಿ ಓವರ್‌ಸಿಯರ್‌ಗೆ ವರ್ಗವಾಗಿತ್ತು. ಮರುದಿನ ಅವರು ಬಾಗಲಕೋಟೆಯಲ್ಲಿ ರೈಲು ಹತ್ತುವವರಿದ್ದರು.

ಚಾವಣಿಯ ಕೆಳಗಿನ ಆಸರೆಯ ಕಂಬಗಳನ್ನು ಕಾಂಕ್ರೀಟ್ ಒಳಗೂ ಗಟ್ಟಿಯಾಗುವ ತನಕ, ಇಪ್ಪತ್ತೊಂದು ದಿನ ಮುಟ್ಟಬಾರದೆಂದು ಹೇಳಿದ್ದವರೂ ಅವರೇ. ಮೊದಲ ಕೋಣೆಗೆ ದಿನ ತುಂಬಿ ಕಂಬ ತೆಗೆದಾಗಿತ್ತು. ಎರಡನೆಯದಕ್ಕೆ ಅಂದು ಒಂಬತ್ತನೆಯ ದಿನ. ಕಂಬ ಇರುವ ತನಕ ಕೆಲಸ ಮುಗಿದಿದೆ ಎಂದು ಬರೆಯಲು ಬರುವುದಿಲ್ಲ. ನಾನು ಪುಸ್ತಕ ತೆರೆದು, ಇನ್ನೂ ಹನ್ನೆರಡು ದಿನ ಬಾಕಿ ಇವೆ ಎಂದೆ.

"ಬರಿಯೂದು ನಿನ್ನ ಕೆಲಸ, ಬರಿ," ಅಂದರು ಗುತ್ತಿಗೆದಾರರು. "ಗ್ವಾಡಿ ಕಟ್ಟಿದವರು ಬ್ಯಾರೆ ಅದಾರ."

ಕಟ್ಟಿದ ಗೌಂಡಿ ಬಾದಾಮಿಯ ಕಡೆಯವನು, ಕಲ್ಲಿನಲ್ಲೇ ಪಳಗಿದವನು. ಕಲ್ಲಿನ ಹಾಸು ಗೋಡೆಯ ಮೇಲೆ ಕೂತ ಗಳಿಗೆಯಿಂದಲೇ ಭಾರ ಹೊರುತ್ತದೆ. ಅವನು ಏಣಿ ಹತ್ತಿ, ಕಲ್ಲನ್ನು ಪರೀಕ್ಷಿಸುವಂತೆಯೇ ಐದಾರು ಕಡೆ ಸುತ್ತಿಗೆಯಿಂದ ಬಡಿದು ಕಿವಿಗೊಟ್ಟ. ಬಿಸಿಲಿಗೆ ಒಣಗಿದ ಮೇಲ್ಪದರ ಠಣ್ ಎಂದಿತು. ಇಳಿದು ಬಂದು ಗುತ್ತಿಗೆದಾರರಿಗೆ ಹೇಳಿದ.

"ದನಿ ಗಟ್ಟಿ ಐತ್ರಿ. ಆದ್ರ ಕಲ್ಲಿನ ದನಿ ಅಲ್ಲ. ನಾಕ ದಿನ ತಡೀರಿ, ಸಾವಕಾರ್ರ."

ಆ ಕಡೆಯ ಗೌಂಡಿಗಳಲ್ಲಿ ಒಂದು ರೂಢಿ ಇತ್ತು. ಕಡೆಯ ಆಸರೆ ತೆಗೆಯುವಾಗ ಕಟ್ಟಿದವನು ರುಮಾಲು ಬಿಚ್ಚಿ ಬರಿತಲೆಯಲ್ಲಿ ಚಾವಣಿಯ ಕೆಳಗೆ ನಿಲ್ಲಬೇಕು. ನಿಲ್ಲಲು ಒಲ್ಲದವನನ್ನು ಮುಂದೆ ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಗೌಂಡಿಯ ಹೆಂಡತಿ ಅಲ್ಲೇ ನೀರಿನ ಕೊಡ ಇಳಿಸುತ್ತಿದ್ದಳು. ಗುತ್ತಿಗೆದಾರರು ಆಕೆಯ ಕಡೆ ನೋಡಿದರು.

"ನಿನ್ನ ಕೈ ಮ್ಯಾಲೆ ನಿನಗ ನಂಬಿಗಿ ಇಲ್ಲಂದ್ರ ಹೆಂಡ್ತೀನ ನಿಲ್ಲಸೋ. ರುಮಾಲ ಬಿಚ್ಚೂ ತ್ರಾಸರ ತಪ್ಪತೈತಿ."

ಆಳುಗಳು ನಕ್ಕರು. ಓವರ್‌ಸಿಯರ್ ನಕ್ಕರು. ನಾನೂ ನಕ್ಕೆ.

ಗೌಂಡಿ ರುಮಾಲು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು ಒಳಗೆ ಹೋದ. ಇಬ್ಬರು ಆಳುಗಳು ಹೊರಗಿನಿಂದ ಹಗ್ಗ ಹಾಕಿ ಒಂದೊಂದೇ ಕಂಬವನ್ನು ಎಳೆದರು. ಕಡೆಯ ಕಂಬ ಬಂದ ಮೇಲೂ ಏನೂ ಆಗಲಿಲ್ಲ. ಅವನು ತಲೆ ಎತ್ತಿ ನೋಡಿದ, ಆಮೇಲೆ ನಮ್ಮ ಕಡೆ ಒಂದು ಹೆಜ್ಜೆ ಇಟ್ಟ. ಆಗ ಚಾವಣಿ ನಡುವಿನಿಂದ ಕುಸಿಯಿತು. ಸಪ್ಪಳ ದೊಡ್ಡದಲ್ಲ, ಬಂಡಿಯಿಂದ ಹಸಿ ಉಸುಕು ಸುರಿದಂತೆ. ಧೂಳು ಇಳಿಯುವ ಮೊದಲೇ ಹೆಂಡತಿ ಒಳಗೆ ಹೋಗಿ ಬರಿಗೈಯಿಂದ ತೋಡತೊಡಗಿದಳು. ಆಳುಗಳು ಗುದ್ದಲಿ ಹಿಡಿದು ಹಿಂದೆ ಓಡಿದರು. ನಾನು ನಿಂತಲ್ಲೇ ಇದ್ದೆ.

ಗುತ್ತಿಗೆದಾರರು ಮೊದಲು ಆಡಿದ ಮಾತು ನನಗೆ ಅಕ್ಷರಶಃ ನೆನಪಿದೆ. "ಸಾಹೇಬ್ರ, ಒಂದು ಖೋಲಿ ಬಿದ್ದೈತಿ, ಒಂದು ನಿಂತೈತಿ. ನಿಂತದ್ದಕ್ಕ ಬರದ ಕೊಡ್ರಿ."

ಓವರ್‌ಸಿಯರ್ ಗಡಿಯಾರ ನೋಡಿದರು. ಆಮೇಲೆ ನನ್ನನ್ನು ಕರೆದು ಹೇಳಿ ಬರೆಸಿದರು. ರಸ್ತೆಯ ಬದಿ ನಿಂತಿದ್ದ ಬಂಡಿಯ ಮರೆಯಲ್ಲಿ ಕೂತು ಬರೆದೆ. ಒಂದು ಕೋಣೆ, ಕಾಂಕ್ರೀಟ್ ಚಾವಣಿ, ಕೆಲಸ ತೃಪ್ತಿಕರ, ಯಾವ ಅಪಘಾತವೂ ಆಗಿಲ್ಲ. ಅವರು ಸಹಿ ಹಾಕುವಾಗ ಗೌಂಡಿಯ ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಮಧ್ಯಾಹ್ನ ಅವನನ್ನು ತೆಗೆದಾಗ ಜೀವ ಇರಲಿಲ್ಲ. ಸಂಜೆ ಪಂಚನಾಮೆಯಲ್ಲಿ, ಗೌಂಡಿ ಯಾರನ್ನೂ ಕೇಳದೆ ತಾನೇ ಕಂಬ ತೆಗೆಸಿದನೆಂದು ದಾಖಲಾಯಿತು. ಅದರ ಕೆಳಗೂ ಸಾಕ್ಷಿಯಾಗಿ ನನ್ನ ಸಹಿ ಇದೆ. ಗುತ್ತಿಗೆದಾರರಿಗೆ ಕೇಳಿದ ದರ್ಜೆಯೇ ಸಿಕ್ಕಿತು.

ಅವರು ತೀರಿಕೊಂಡು ಬಹಳ ವರ್ಷವಾಯಿತು. ಹಗ್ಗ ಎಳೆದ ಇಬ್ಬರೂ ಇಲ್ಲ. ಓವರ್‌ಸಿಯರ್ ಬಾಗಲಕೋಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ತಮಗೇನೂ ನೆನಪಿಲ್ಲ ಎನ್ನುತ್ತಾರೆ. ಗೌಂಡಿಯ ಹೆಂಡತಿ ಇಳಕಲ್ಲಿನಲ್ಲಿ ನೇಕಾರರ ಮನೆಗೆ ನೂಲು ಸುತ್ತಿಕೊಟ್ಟು ಬದುಕುತ್ತಿದ್ದಾಳೆ. ಅಂದು ಕಂಡವರಲ್ಲಿ ಉಳಿದ ಮೂರನೆಯವನು ನಾನು.